ಸಹಾಯ ಬೇಕು: ಮರ ಕಲ್ಲಾಗೋದನ್ನ ಮಕ್ಕಳಿಗೆ ಹೇಗೆ ತೋರಿಸೋದು?

ಎಲ್ಲರಿಗೂ ನಮಸ್ಕಾರ. ಆರನೇ ಕ್ಲಾಸಿನ ಮಕ್ಕಳಿಗೆ ಪಳೆಯುಳಿಕೆ ಹೇಗಾಗುತ್ತದೆ ಅಂತ ಮಾಡಿ ತೋರಿಸಬೇಕು. ಅಚ್ಚಿನ ಭಾಗ ಸುಲಭ. ಜೇಡಿಮಣ್ಣಿಗೆ ಕಪ್ಪೆಚಿಪ್ಪು ಒತ್ತಿ ತೆಗೆದು, ಆ ಗುಳಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಸುರಿದರೆ ಚಿಪ್ಪಿನ ಗೆರೆಗಳೆಲ್ಲ ಮೂಡುತ್ತವೆ. ಸಾಲಿಗ್ರಾಮದ ಸುರುಳಿ ಕೂಡ ಅಮೊನೈಟ್ ಅನ್ನೋ ಕಡಲಜೀವಿಯ ಗುರುತು ಅಂದಾಗಂತೂ ಕ್ಲಾಸ್ ಪೂರ್ತಿ ಗದ್ದಲ!

ತೊಡಕಿರೋದು ಮರ ಕಲ್ಲಾಗೋದರಲ್ಲಿ. ತಮಿಳುನಾಡಿನ ತಿರುವಕ್ಕರೈಯ ಕಲ್ಲುಮರಗಳ ಫೋಟೋ ತೋರಿಸಿದೆ. "ಮರ ಕೊಳೆಯಲ್ವಾ ಮಿಸ್?" ಅಂತ ಒಬ್ಬಳು ಕೇಳಿದಳು. ಹೂಳು ಬೇಗ ಮುಚ್ಚಿದರೆ ಗಾಳಿ ತಾಗದೆ ಕೊಳೆಯೋದು ನಿಧಾನ, ಅಷ್ಟರಲ್ಲಿ ನೀರಲ್ಲಿ ಕರಗಿದ ಸಿಲಿಕಾ (ಮರಳಿನಲ್ಲಿರೋ ಖನಿಜ) ಮರದ ಸಂದುಗಳಲ್ಲಿ ತುಂಬಿ ಗಟ್ಟಿಯಾಗುತ್ತದೆ ಅಂದೆ. ಸುಮ್ನೆ ಹೇಳಿದರೆ ಸಾಲದು, ಅಲ್ವಾ? ಮರದ ಬದಲು ಸ್ಪಂಜಿಗೆ ಉಪ್ಪುನೀರು ಕುಡಿಸಿ ಒಣಗಿಸುವ ಪ್ರಯೋಗ ಯಾರಾದ್ರೂ ಮಾಡಿಸಿದ್ದೀರಾ? ಉಪ್ಪು ಎಷ್ಟು, ಒಣಗೋಕೆ ಎಷ್ಟು ದಿನ? ಪ್ಲಾಸ್ಟರ್ ಅಂಟದಂತೆ ಎಣ್ಣೆ ಸವರಿದರೆ ಸಾಕಾ?