ಬೀಜಿಂಗ್‌ನ ಜ್ಯಾವ್‌ಝ ಹೋಟೆಲಿನಲ್ಲಿ ಐದು ಜನಕ್ಕೆ ಎಷ್ಟು ಹೇಳಬೇಕು?

ಪ್ರಶ್ನೆ
ದೊಡ್ಡವರು ಮೂವರು, 6 ಮತ್ತು 10 ವರ್ಷದ ಮಕ್ಕಳಿಬ್ಬರು. ದೊಡ್ಡವರಲ್ಲಿ ಒಬ್ಬರು ಮಾಂಸ, ಮೀನು ತಿನ್ನುವುದಿಲ್ಲ, ಮೊಟ್ಟೆ ಆಗುತ್ತದೆ. ಜ್ಯಾವ್‌ಝ, ಅಂದರೆ ಹೂರಣ ತುಂಬಿದ ಡಂಪ್ಲಿಂಗ್‌ಗಳ ಬೆಲೆ ಪ್ಲೇಟಿಗಲ್ಲ, ಲ್ಯಾಂಗ್ ಲೆಕ್ಕದಲ್ಲಿ ಇರುತ್ತದಂತೆ. ಎಷ್ಟು ಲ್ಯಾಂಗ್ ಸಾಕು?

ಉತ್ತರ 1
1 ಲ್ಯಾಂಗ್ ಅಂದರೆ 50 ಗ್ರಾಂ. ಆದರೆ ಹಳೆಯ ರೂಢಿಯಲ್ಲಿ ಅದು ಹಿಟ್ಟಿನ ತೂಕ, ಹೂರಣ ಅದರ ಮೇಲೆ. ಹಾಗಾಗಿ 50 ಗ್ರಾಂ ಅಂತ ನಂಬಿ ರಾಶಿ ಹೇಳಿದವರ ಮೇಜಿನಲ್ಲಿ ಅರ್ಧ ಉಳಿಯುತ್ತದೆ. ಸಾಮಾನ್ಯವಾಗಿ 1 ಲ್ಯಾಂಗ್‌ಗೆ 5–6 ಬರುತ್ತವೆ, ಅಂಗಡಿಯಿಂದ ಅಂಗಡಿಗೆ ಬೇರೆ. "ಯಿ ಲ್ಯಾಂಗ್ ಜೀ ಗ?" (ಒಂದು ಲ್ಯಾಂಗ್‌ಗೆ ಎಷ್ಟು?) ಅಂತ ಮೊದಲೇ ಕೇಳಿ.

ದೊಡ್ಡವರಿಗೆ ತಲಾ 3, ಮಕ್ಕಳಿಗೆ ಒಂದೂವರೆ, ಒಟ್ಟು 12 ಲ್ಯಾಂಗ್. ಜಜ್ಜಿದ ಸೌತೆಕಾಯಿಯಂಥ ತಣ್ಣನೆಯ ತಟ್ಟೆ ಒಂದೆರಡು ತರಿಸಿದರೆ 10 ಸಾಕು. ಒಂದೇ ಸಲಕ್ಕೆ ಹೇಳಬೇಡಿ. ಬೇಯಿಸಿದ ಜ್ಯಾವ್‌ಝದ ಹೊರಮೈಯ ಪಿಷ್ಟ ಆರುತ್ತಾ ಅಂಟಾಗುತ್ತದೆ. ಹತ್ತು ನಿಮಿಷ ಬಿಟ್ಟು ಎತ್ತಿದರೆ ಸಿಪ್ಪೆ ಹರಿದು ಹೂರಣ ತಟ್ಟೆಯಲ್ಲೇ ಉಳಿಯುತ್ತದೆ. ಮೊದಲು 6, ಅದು ಮುಗಿಯುವ ಮುಂಚೆಯೇ ಉಳಿದ 4. ತಟ್ಟೆ ಬಂದ ಕೂಡಲೇ ಒಮ್ಮೆ ಅಲುಗಿಸಿ, ಬಿಡಿಬಿಡಿಯಾಗುತ್ತವೆ. ಒಂದು ಹೂರಣಕ್ಕೆ ಕನಿಷ್ಠ ಇಷ್ಟು ಲ್ಯಾಂಗ್ ಎಂಬ ನಿಯಮ ಇರಬಹುದು, ಅದಕ್ಕೇ ಎರಡು ಮೂರು ಹೂರಣಕ್ಕೆ ನಿಲ್ಲಿಸಿ.

ಉತ್ತರ 2
ಮಾಂಸ ಬೇಡದವರ ಬಗ್ಗೆ. "ಸಾನ್‌ಶ್ಯೆನ್" ಅಂದರೆ ಮೂರು ರುಚಿ, ಬಹುತೇಕ ಅದರಲ್ಲಿ ಹಂದಿಮಾಂಸ, ಸೀಗಡಿ ಎರಡೂ ಇರುತ್ತವೆ. ಹೆಸರಿನ ಮೊದಲಿಗೆ "ಸು" ಸೇರಿದ್ದರೆ ಮಾತ್ರ ಮಾಂಸವಿಲ್ಲ. ಸುಲಭದ ಆಯ್ಕೆ ಜ್ಯೂತ್ಸಾಯ್ ಜೀದಾನ್: ಬೆಳ್ಳುಳ್ಳಿ ವಾಸನೆಯ ಚಪ್ಪಟೆ ಎಲೆ, ಹುರಿದ ಮೊಟ್ಟೆ. ಇದಕ್ಕೂ ರುಚಿಗೆಂದು ಪುಟ್ಟ ಒಣ ಸೀಗಡಿ ಬೆರೆಸುವುದುಂಟು. ಹೂರಣ ಮೊದಲೇ ಕಲಸಿಟ್ಟಿರುತ್ತದೆ, ಆಮೇಲೆ ತೆಗೆಯಲಾಗದು. "ಯೋ ಶ್ಯಾಪಿ ಮಾ?" (ಒಣ ಸೀಗಡಿ ಇದೆಯಾ?) ಅಂತ ಕೇಳಿಯೇ ಹೇಳಿ. ಕುದಿಸುವ ಪಾತ್ರೆ ಎಲ್ಲಕ್ಕೂ ಒಂದೇ ಇರಬಹುದು. ಅದು ಆಗದಿದ್ದರೆ ಜ್ಯಾವ್‌ಝ ಬಿಡುವುದೇ ಸರಿ.

ಪ್ರಶ್ನೆ ಕೇಳಿದವರು
ಒಳಗೆ ಸೂಪ್ ಇರುವುದು ಮಕ್ಕಳಿಗೆ ಬೇಕಂತೆ. ಅಲ್ಲೇ ಸಿಗುತ್ತದಾ?

ಉತ್ತರ 3
ಅದು ಶ್ಯಾವ್‌ಲಾಂಗ್‌ಬಾವ್, ಶಾಂಘೈ ಕಡೆಯದು. ಬೀಜಿಂಗ್‌ನಲ್ಲೂ ಸಿಗುತ್ತದೆ, ಆದರೆ ಅದಕ್ಕೆಂದೇ ಇರುವ ಕಡೆ ಹೋಗಿ. ಹಂದಿಚರ್ಮ ಕುದಿಸಿ ಗಟ್ಟಿ ಮಾಡಿದ ಜೆಲ್ಲಿಯನ್ನು ಹೂರಣದಲ್ಲಿ ಸೇರಿಸುತ್ತಾರೆ, ಆವಿಯಲ್ಲಿ ಅದು ಕರಗಿ ಸೂಪ್ ಆಗುತ್ತದೆ. ಸಿಪ್ಪೆಯೊಳಗೆ ಮುಚ್ಚಿಕೊಂಡಿರುವ ಆ ಸೂಪ್ ಬೇಗ ಆರುವುದಿಲ್ಲ. 6 ವರ್ಷದ ಮಗು ಇಡಿಯಾಗಿ ಬಾಯಿಗೆ ಹಾಕಿಕೊಂಡರೆ ನಾಲಿಗೆ ಸುಡುವುದು ಖಂಡಿತ. ಮಡಿಕೆಗಳು ಸೇರುವ ತುದಿ ಹಿಡಿದು ಎತ್ತಿ, ಚಮಚದಲ್ಲಿಟ್ಟು, ಬದಿಯಲ್ಲಿ ಸಣ್ಣ ತೂತು ಮಾಡಿ, ಆವಿ ಹೋದ ಮೇಲೆ ಕೊಡಿ. ಬದಿ ಚುಚ್ಚಿ ಎತ್ತಿದರೆ ತಳ ಹರಿದು ಸೂಪ್ ಬುಟ್ಟಿಯ ಪಾಲು. ಜೊತೆಗೆ ಝೆನ್‌ಜಿಯಾಂಗ್ ಕಪ್ಪು ವಿನಿಗರ್, ಎಳೆಎಳೆಯಾಗಿ ಹೆಚ್ಚಿದ ಶುಂಠಿ. ಸೋಯಾ ಸಾಸ್ ಬೇಡವೇ ಬೇಡ, ಹೂರಣದಲ್ಲೇ ಉಪ್ಪು ಸಾಕಷ್ಟಿರುತ್ತದೆ.