ಪುಟ್ಟಿನ ಇನ್ನೂ ಶಾಲೆಗೆ ಹಾಕಿಲ್ವಾ?

ಗುಂಪು: ಮೇಲಿನಮನೆಯೋರು, ತೀರ್ಥಹಳ್ಳಿ

ಚಿಕ್ಕಪ್ಪ: [ವಿಡಿಯೊ: ‘ಮನೆಯೇ ಪಾಠಶಾಲೆ, ಆಟವೇ ಪಾಠ’]

ಚಿಕ್ಕಪ್ಪ: ವೀಣಾ, ಇಂಥದ್ದನ್ನೆಲ್ಲ ನೋಡಿನಾ ನೀನು ಪುಟ್ಟಿನ ಮನೇಲಿ ಇಟ್ಕೊಂಡಿರೋದು? ಐದು ತುಂಬ್ತು. ಓರಗೆಯ ಮಕ್ಕಳು ಯುಕೆಜಿಲಿ ಸಾಲು ಸಾಲು ಬರೀತಿದಾವೆ.

ವೀಣಾ: ವಿಡಿಯೊ ನೋಡಿ ಅಲ್ಲ ಚಿಕ್ಕಪ್ಪ. ಏಳು ಗಂಟೆಗೇ ವ್ಯಾನ್ ಬರುತ್ತೆ. ಜಡಿಮಳೇಲಿ ನಿದ್ದೆಗಣ್ಣಿನ ಮಗೂನ ಹತ್ತಿಸಿ, ಸಂಜೆ ಮತ್ತೆ ಹೋಮ್‌ವರ್ಕ್‌ಗೆ ಕೂರಿಸೋಕೆ ನನಗೆ ಮನಸ್ಸಿಲ್ಲ.

ರಘು ಅಣ್ಣ: ಕಾನೂನಿನ ತೊಡಕಿಲ್ವಾ?

ದೊಡ್ಡಮ್ಮ: ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳೋದು 6ರಿಂದ 14 ವರ್ಷದವರ ಬಗ್ಗೆ. ಆದ್ರೆ ಸುಮ್ನೆ ಮನೇಲಿದ್ರೆ ಆಗಲ್ಲ ಕಣೆ. ಏನು ಕಲಿಸ್ತಿದೀಯ, ಹೇಳು.

ವೀಣಾ: ಮಧ್ಯಾಹ್ನ ಅತ್ತೆ ಜೊತೆ ಚೆನ್ನೆಮಣೆ. 14 ಗುಳಿ, ಗುಳಿಗೆ ನಾಲ್ಕು ಕಾಯಿ. ಮೊದಲು ಒಂದೊಂದಾಗಿ ಎಣಿಸ್ತಿದ್ಲು. ಈಗ ಕಾಯಿ ಎತ್ತೋ ಮುಂಚೇನೇ ಯಾವ ಗುಳಿಲಿ ಮುಗಿಯುತ್ತೆ ಅಂತ ಬೆರಳಿಟ್ಟು ತೋರಿಸ್ತಾಳೆ. ಅಡಿಕೆ ಆರಿಸೋವಾಗ ರಾಶಿ, ಬೆಟ್ಟೆ, ಗೊರಬಲು ಅಂತ ಬಗೆ ನೋಡಿ ಬೇರೆ ಬೇರೆ ಗುಡ್ಡೆ ಹಾಕ್ತಾಳೆ, ತಪ್ಪಿದ್ರೆ ಅತ್ತೆ ತಿದ್ದುತಾರೆ. ರಾತ್ರಿ ನಾನು ಓದಿ ಹೇಳ್ಬೇಕು, ದಿನಾ ಅದೇ ಪುಸ್ತಕ. ನನಗೆ ಸಾಕಾದ್ರೂ ಅವಳಿಗೆ ಸಾಕಾಗಲ್ಲ. ಒಂದು ಸಾಲು ಬಿಟ್ರೆ ಹಿಡೀತಾಳೆ. ಹಾಗೇ ‘ಮ’ ಗುರುತು ಹತ್ತಿದೆ. ಮಳೆ, ಮನೆ, ಮರ ಎಲ್ಲಿ ಕಂಡ್ರೂ ಓದ್ತಾಳೆ.

ಚಿಕ್ಕಪ್ಪ: ಇದೆಲ್ಲ ನಾವೂ ಆಡಿದ್ದೇ. ಅದನ್ನ ಪಾಠ ಅಂತಾರಾ?

ದೊಡ್ಡಮ್ಮ: ಅಂತಾರೆ ಕಣೋ. ನಾನು ಸರ್ಕಾರಿ ಶಾಲೇಲಿ ನಲಿ-ಕಲಿ ತರಗತಿ ನಡೆಸಿದೋಳು. 1995ರಲ್ಲಿ ಹೆಗ್ಗಡದೇವನಕೋಟೆ ಕಡೆ ಶುರುವಾಗಿದ್ದು ಅದು. ಕಾರ್ಡು, ಹಾಡು, ಆಟ, ಪ್ರತಿ ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತೋದು. 2020ರ ರಾಷ್ಟ್ರೀಯ ಶಿಕ್ಷಣ ನೀತಿನೂ 3ರಿಂದ 8 ವರ್ಷದವರೆಗೆ ಆಟದ ಮೂಲಕ ಕಲಿಸಿ ಅಂತಲೇ ಹೇಳಿದೆ. ಬೆರಳು ಬಲಿಯದ ಮಗು ಕೈಲಿ ಪುಟಗಟ್ಟಲೆ ಬರೆಸೋದೇ ತಪ್ಪು.

ರಘು ಅಣ್ಣ: ಕುವೆಂಪು ಅವರಿಗೂ ಮೊದಲ ಓದು ಕುಪ್ಪಳಿ ಮನೇಲೇ ಆಗಿದ್ದಲ್ವಾ? ದಕ್ಷಿಣ ಕನ್ನಡದಿಂದ ಮೇಷ್ಟ್ರು ಬಂದಿದ್ರು. ತೀರ್ಥಹಳ್ಳಿ ಶಾಲೆ ಆಮೇಲೆ.

ಚಿಕ್ಕಪ್ಪ: ಆ ಕಾಲದ ಮನೆ ತುಂಬ ಮಕ್ಕಳಿರ್ತಿದ್ರು ರಘು. ಇಲ್ಲಿ ಪುಟ್ಟಿ ಒಬ್ಳೇ. ಅವಳಿಂದ ಕಾಯಿ ಕಿತ್ಕೊಳ್ಳೋರು, ಜಗಳ ಆಡೋರು, ರಾಜಿ ಆಗೋರು ಯಾರಿದಾರೆ? ಅತ್ತೆ ಬೇಕಂತಲೇ ಸೋಲ್ತಾರೆ.

ವೀಣಾ: ಈ ಮಾತು ಒಪ್ಪಿದೆ. ಆಚೆಮನೆ ಮಕ್ಕಳು ಸಂಜೆ ಬರ್ತಾರೆ, ಆದ್ರೆ ಅಷ್ಟೊತ್ತಿಗೆ ಕತ್ತಲಾಗುತ್ತೆ.

ದೊಡ್ಡಮ್ಮ: ಅಂಗನವಾಡಿ ಏನಾಯ್ತು? ಆರು ವರ್ಷದವರೆಗಿನ ಮಕ್ಕಳಿಗೇ ಇರೋದು. ಪದ್ಯ, ಆಟ, ಬಿಸಿ ಊಟ. ನಿಮ್ಮನೆಯಿಂದ ನಡೆಯೋ ದೂರ. ಬಡವರ ಮಕ್ಕಳು ಹೋಗೋ ಜಾಗ ಅಂತ ನಮ್ಮೋರು ಯಾರೂ ಆ ಕಡೆ ತಿರುಗಲ್ಲ, ಅದೇ ನನಗೆ ಬೇಜಾರು.

ವೀಣಾ: ನನಗೆ ಆ ಭಾವನೆ ಇಲ್ಲ ದೊಡ್ಡಮ್ಮ. ಹಳ್ಳ ದಾಟೋ ಸಂಕದ ಮೇಲೆ ನೀರು ಹತ್ತುತ್ತೆ ಅಂತ ಹಿಂಜರಿದೆ. ನೀರು ಇಳಿದ ಮೇಲೆ ದಿನಾ ನಾನೇ ಕರ್ಕೊಂಡು ಹೋಗ್ತೀನಿ. ಚೆನ್ನೆಮಣೆ, ಪುಸ್ತಕ ಮನೇಲಿ ನಡೆಯುತ್ತೆ. ವ್ಯಾನ್ ಮಾತ್ರ ಬೇಡ.

ಚಿಕ್ಕಪ್ಪ: ಆರು ತುಂಬಿದ ಮೇಲೆ?

ವೀಣಾ: ಊರಿನ ಸರ್ಕಾರಿ ಶಾಲೆ, ಒಂದನೇ ಕ್ಲಾಸು.

ಚಿಕ್ಕಪ್ಪ: ಸರಿ. ಆಗ ನೆಪ ಹೇಳೋ ಹಾಗಿಲ್ಲ.

ವೀಣಾ: ಹೇಳಲ್ಲ. ಶಿವಮೊಗ್ಗದಿಂದ ಬರ್ತಾ ಎರಡು ಚಿತ್ರದ ಪುಸ್ತಕ ತನ್ನಿ ಚಿಕ್ಕಪ್ಪ. ದೊಡ್ಡಕ್ಷರದ್ದು.