ಚರ್ಚ್ ಆಸ್ಪತ್ರೆಯ ಮನಸ್ಸಾಕ್ಷಿ, ಸರ್ಕಾರದ ನಿಯಮ, ನಡುವೆ ರೋಗಿ: ವಕೀಲರೊಂದಿಗೆ ಪ್ರಶ್ನೋತ್ತರ

ನಿರ್ವಾಹಕರು: ಆಸ್ಪತ್ರೆಗಳಿಗೂ ರೋಗಿಗಳಿಗೂ ಇಪ್ಪತ್ತೆರಡು ವರ್ಷಗಳಿಂದ ಕಾನೂನು ಸಲಹೆ ನೀಡುತ್ತಿರುವ ವಕೀಲೆಯೊಬ್ಬರು ಈ ವಾರ ಗುಂಪಿನ ಸದಸ್ಯರ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ. ಮೊದಲ ಪ್ರಶ್ನೆಯನ್ನು ಕಳುಹಿಸಿದವರು ಶುಶ್ರೂಷಕಿ. ಉಳಿದ ಚರ್ಚೆ ಅಲ್ಲಿಂದಲೇ ಬೆಳೆಯಿತು.

ಪ್ರಶ್ನೆ (ಶುಶ್ರೂಷಕಿ, ಹೆರಿಗೆ ವಾರ್ಡ್):

ನಮಸ್ಕಾರ ಮೇಡಂ. ಚರ್ಚ್ ಆಡಳಿತದ ಆಸ್ಪತ್ರೆಯೊಂದರಲ್ಲಿ ಹನ್ನೊಂದು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ನಾನೂ ಅದೇ ಧರ್ಮದವಳು. ಅಲ್ಲಿನ ಸನ್ಯಾಸಿನಿಯರ ಸೇವೆಯನ್ನು ಕಣ್ಣಾರೆ ಕಂಡವಳು. ಕಳೆದ ತಿಂಗಳು ಮೂರನೆಯ ಹೆರಿಗೆಗೆ ಬಂದ ಒಬ್ಬರಿಗೆ ಸಿಸೇರಿಯನ್ ನಿಗದಿಯಾಗಿತ್ತು. ಅದರ ಜೊತೆಯಲ್ಲೇ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನೂ ಮಾಡಿಬಿಡಿ ಎಂದು ಅವರು ಕೇಳಿಕೊಂಡಿದ್ದರು. ಇನ್ನೊಮ್ಮೆ ಗರ್ಭ ನಿಂತರೆ ಗರ್ಭಕೋಶದ ಹಳೆಯ ಹೊಲಿಗೆ ಬಿಟ್ಟುಕೊಳ್ಳುವ ಅಪಾಯವಿದೆ ಎಂದು ಬೇರೊಬ್ಬ ವೈದ್ಯರು ಎಚ್ಚರಿಸಿದ್ದರಂತೆ. ನಮ್ಮಲ್ಲಿ ಅದನ್ನು ಮಾಡುವುದಿಲ್ಲ ಎಂಬುದು ಅವರಿಗೆ ತಿಳಿದದ್ದು ಶಸ್ತ್ರಚಿಕಿತ್ಸೆಯ ದಿನ ಬೆಳಿಗ್ಗೆ. ಒಪ್ಪಿಗೆ ಪತ್ರದಲ್ಲಿದ್ದ ಆ ಒಂದು ಸಾಲನ್ನು ನೀಲಿ ಪೆನ್ನಿನಿಂದ ಹೊಡೆದುಹಾಕಿ, ಪಕ್ಕದಲ್ಲಿ ಮತ್ತೆ ಸಹಿ ಮಾಡಿಸಿಕೊಂಡವಳು ನಾನೇ. ಡ್ರಿಪ್ ಹಾಕಿದ್ದ ಕೈಯಲ್ಲಿ ಪೆನ್ನು ನಿಲ್ಲುತ್ತಿರಲಿಲ್ಲ. "ಮೊದಲೇ ಹೇಳಿದ್ದರೆ ಬೇರೆ ಕಡೆ ಹೋಗುತ್ತಿದ್ದೆನಲ್ಲ ಸಿಸ್ಟರ್" ಎಂದರು. ನನ್ನ ಬಳಿ ಉತ್ತರವಿರಲಿಲ್ಲ.

ಧರ್ಮದ ಸ್ವಾತಂತ್ರ್ಯ ಮನುಷ್ಯರಿಗೆ ಇರುವಂತೆ ಆಸ್ಪತ್ರೆಗೂ ಇದೆಯೇ? ಸರ್ಕಾರ ಇಂತಹ ವಿಷಯದಲ್ಲಿ ಕೈಹಾಕಬಹುದೇ?

ಉತ್ತರ:

ನೀವು ಆ ಸಹಿಯನ್ನು ಮರೆತಿಲ್ಲ ಎಂಬುದೇ ನಿಮ್ಮ ಬಗ್ಗೆ ನನಗೆ ಗೌರವ ಮೂಡಿಸಿತು. ಈಗ ಪ್ರಶ್ನೆಗೆ ಬರುತ್ತೇನೆ.

ಮನಸ್ಸಾಕ್ಷಿ ಎಂಬ ಮಾತನ್ನು ಮೊದಲು ಯಾರ ಬಾಯಲ್ಲಿ ಇಡುತ್ತೇವೆ ಎಂಬುದರ ಮೇಲೆ ಕಾನೂನು ಬದಲಾಗುತ್ತದೆ. ಅಮೆರಿಕವನ್ನು ನೋಡಿ. 1972ರಲ್ಲಿ ಮೊಂಟಾನಾ ರಾಜ್ಯದ ಬಿಲ್ಲಿಂಗ್ಸ್‌ನಲ್ಲಿ ನೀವು ಹೇಳಿದಂಥದ್ದೇ ಪ್ರಸಂಗ ನಡೆಯಿತು. ಹೆರಿಗೆಯ ಜೊತೆಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಬೇಕೆಂದ ಮಹಿಳೆಗೆ ಕ್ಯಾಥೊಲಿಕ್ ಆಸ್ಪತ್ರೆ ಇಲ್ಲವೆಂದಿತು, ಆ ಶಸ್ತ್ರಚಿಕಿತ್ಸೆಗೆ ಅವಕಾಶ ಮಾಡಿಕೊಡಲೇಬೇಕು ಎಂದು ನ್ಯಾಯಾಲಯ ಆಸ್ಪತ್ರೆಗೆ ಆದೇಶಿಸಿತು. ಅದರ ಬೆನ್ನಿಗೇ 1973ರಲ್ಲಿ ಅಲ್ಲಿನ ಸಂಸತ್ತು 'ಚರ್ಚ್ ತಿದ್ದುಪಡಿ'ಯನ್ನು ತಂದಿತು. (ಆ ಹೆಸರು ಬಂದದ್ದು ಚರ್ಚಿನಿಂದಲ್ಲ, ಮಸೂದೆ ಮಂಡಿಸಿದ ಸೆನೆಟರ್ ಫ್ರಾಂಕ್ ಚರ್ಚ್ ಅವರಿಂದ. ತುಂಬಾ ಜನ ಇಲ್ಲಿ ಎಡವುತ್ತಾರೆ.) ಕೇಂದ್ರದ ಹಣ ಪಡೆದರು ಎಂಬ ಒಂದೇ ಕಾರಣಕ್ಕೆ ವೈದ್ಯರನ್ನಾಗಲಿ ಆಸ್ಪತ್ರೆಯನ್ನಾಗಲಿ ಗರ್ಭಪಾತಕ್ಕೂ ಸಂತಾನಹರಣಕ್ಕೂ ಒತ್ತಾಯಿಸುವಂತಿಲ್ಲ ಎಂದು ಅದು ಹೇಳುತ್ತದೆ. ಅಂದರೆ ಅಲ್ಲಿ ಕಟ್ಟಡಕ್ಕೂ ಮನಸ್ಸಾಕ್ಷಿ ಇದೆ.

ಐರ್ಲೆಂಡ್ ಬೇರೆ ದಾರಿ ಹಿಡಿಯಿತು. 2018ರ ಕಾಯ್ದೆ ವೈದ್ಯರು, ಶುಶ್ರೂಷಕಿಯರು, ಸೂಲಗಿತ್ತಿಯರು ಗರ್ಭಪಾತದಲ್ಲಿ ಭಾಗವಹಿಸದೆ ದೂರ ನಿಲ್ಲಲು ಅವಕಾಶ ಕೊಟ್ಟಿದೆ. ಸಂಸ್ಥೆಗೆ ಕೊಟ್ಟಿಲ್ಲ. ದೂರ ನಿಂತವರೂ ರೋಗಿಯನ್ನು ಆದಷ್ಟು ಬೇಗ ಬೇರೆಯವರಿಗೆ ಒಪ್ಪಿಸುವ ವ್ಯವಸ್ಥೆ ಮಾಡಲೇಬೇಕು. ತುರ್ತು ಸಂದರ್ಭದಲ್ಲಿ ದೂರ ನಿಲ್ಲುವ ಹಕ್ಕೇ ಇಲ್ಲ.

ಭಾರತದಲ್ಲಿ ಇದಕ್ಕಿಂತ ಬಿಗಿ. ವೈದ್ಯರ ವೃತ್ತಿ ನಡವಳಿಕೆಗೆ ಸಂಬಂಧಿಸಿದ 2002ರ ನಿಯಮಗಳಲ್ಲಿ 7.15 ಎಂಬ ನಿಯಮವಿದೆ. ವೈದ್ಯಕೀಯವಾಗಿ ಅಗತ್ಯವಿದ್ದಾಗ ಕೇವಲ ಧಾರ್ಮಿಕ ಕಾರಣಕ್ಕೆ ಸಂತಾನಹರಣ, ಗರ್ಭನಿರೋಧ, ಸುನ್ನತಿ, ಗರ್ಭಪಾತ ಇವುಗಳಿಗೆ ನೆರವಾಗುವುದನ್ನು ವೈದ್ಯರು ನಿರಾಕರಿಸಬಾರದು; ತನಗೆ ಆ ಕೌಶಲವಿಲ್ಲ ಎನಿಸಿದರೆ ಮಾತ್ರ ಹಿಂದೆ ಸರಿಯಬಹುದು. ಈ ನಿಯಮವನ್ನು ಓದಿದಾಗ ಅನೇಕ ವೈದ್ಯರು ಬೆಚ್ಚುತ್ತಾರೆ.

ನನ್ನ ಅಭಿಪ್ರಾಯ ಕೇಳಿದರೆ ಐರ್ಲೆಂಡಿನ ದಾರಿ ನ್ಯಾಯಕ್ಕೆ ಹತ್ತಿರ. ರಾತ್ರಿ ನಿದ್ದೆಗೆಡುವುದು ಮನುಷ್ಯರು, ನೋಂದಣಿ ಪತ್ರವಲ್ಲ. ಆದರೆ ನಿಮ್ಮ ವಾರ್ಡಿನಲ್ಲಿ ನಡೆದ ತಪ್ಪು ಇದಕ್ಕಿಂತಲೂ ಸರಳವಾದದ್ದು. ಆಸ್ಪತ್ರೆ ಇಲ್ಲವೆಂದದ್ದರ ಬಗ್ಗೆ ಗಂಟೆಗಟ್ಟಲೆ ವಾದಿಸಬಹುದು. ಶಸ್ತ್ರಚಿಕಿತ್ಸೆಯ ದಿನದವರೆಗೆ ಹೇಳದೆ ಇದ್ದದ್ದಕ್ಕೆ ಯಾವ ಧರ್ಮದಲ್ಲೂ ಸಮರ್ಥನೆಯಿಲ್ಲ. ಆ ತಾಯಿ ಇನ್ನೊಮ್ಮೆ ಅರಿವಳಿಕೆ ಪಡೆದು, ಇನ್ನೊಮ್ಮೆ ಹೊಟ್ಟೆ ಕೊಯ್ಯಿಸಿಕೊಳ್ಳಬೇಕು. ಆಸ್ಪತ್ರೆಯ ನಂಬಿಕೆಯ ಬೆಲೆಯನ್ನು ಆ ನಂಬಿಕೆಯೇ ಇಲ್ಲದವರ ದೇಹ ತೆತ್ತಿತು. ಸರ್ಕಾರ ಕೈಹಾಕಬೇಕಾದ ಜಾಗ ಇದು.

ಪ್ರಶ್ನೆ (ನಿವೃತ್ತ ಶಿಕ್ಷಕರು):

ಅಮ್ಮಾ, ತಮ್ಮ ಮಾತು ಓದಿದೆ. ಆದರೆ ಒಂದು ನೋವು. ಕುಷ್ಠರೋಗಿಗಳನ್ನು ಊರೇ ಹೊರಗಿಟ್ಟಾಗ ಮುಟ್ಟಿ ತೊಳೆದವರು ಈ ಆಸ್ಪತ್ರೆಗಳವರು. ಆಗ ಯಾವ ಸರ್ಕಾರವೂ ನಿಯಮ ಹಿಡಿದು ಬರಲಿಲ್ಲ. ಈಗ ಎಲ್ಲ ಕಟ್ಟಿ ನಿಲ್ಲಿಸಿದ ಮೇಲೆ ಹೀಗೆ ಮಾಡಿ, ಹಾಗೆ ಮಾಡಬೇಡಿ ಎನ್ನುವುದು ಯಾವ ನ್ಯಾಯ?

ಉತ್ತರ:

ಸರ್, ತಮ್ಮ ನೋವಿನಲ್ಲಿ ಸತ್ಯವಿದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ 1940ರ ದಶಕದ ಕೊನೆಯಲ್ಲಿ ಪಾಲ್ ಬ್ರಾಂಡ್ ಅವರು ಕುಷ್ಠದಿಂದ ಮುದುಡಿದ ಕೈಗಳ ಸ್ನಾಯುಬಂಧಗಳನ್ನು ಬೇರೆಡೆಗೆ ಜೋಡಿಸಿ ಬೆರಳುಗಳನ್ನು ಮತ್ತೆ ಬಿಡಿಸಿದರು. ಅದಕ್ಕೆ ಯಾರ ಆದೇಶವೂ ಇರಲಿಲ್ಲ. ಇದನ್ನು ಮರೆತು ನಿಯಮ ಬರೆಯುವ ಅಧಿಕಾರಿ ಕೆಟ್ಟ ನಿಯಮವನ್ನೇ ಬರೆಯುತ್ತಾನೆ.

ಆದರೆ ಅದೇ ವೆಲ್ಲೂರಿನ ಹುಟ್ಟಿನ ಕಥೆಯನ್ನು ಸ್ವಲ್ಪ ನಿಧಾನವಾಗಿ ಓದೋಣ. ಇಡಾ ಸ್ಕಡರ್ ಇನ್ನೂ ಯುವತಿ, ತಂದೆ ಮಿಷನರಿ ವೈದ್ಯರು. ಒಂದು ರಾತ್ರಿ ಮೂವರು ಗಂಡಸರು ಒಬ್ಬರಾದ ಮೇಲೊಬ್ಬರು ಬಾಗಿಲಿಗೆ ಬಂದು, ಹೆರಿಗೆಯಾಗದೆ ಒದ್ದಾಡುತ್ತಿದ್ದ ತಮ್ಮ ಹೆಂಡತಿಯರಿಗೆ ನೆರವು ಕೇಳಿದರು. ತಂದೆ ಬರುತ್ತಾರೆ ಎಂದರೆ ಒಪ್ಪಲಿಲ್ಲ. ಪರಪುರುಷ ಮುಟ್ಟುವುದು ಅವರ ಕಟ್ಟಳೆಗೆ ಸಲ್ಲದು. ಬೆಳಗಾಗುವ ಹೊತ್ತಿಗೆ ಮೂವರು ಹೆಂಗಸರೂ ತೀರಿಕೊಂಡಿದ್ದರು. ಇಡಾ ವೈದ್ಯಕೀಯ ಓದಲು ಹೊರಟದ್ದು ಆ ರಾತ್ರಿಯಿಂದ ಎಂದು ಸಂಸ್ಥೆ ಇಂದಿಗೂ ಹೇಳಿಕೊಳ್ಳುತ್ತದೆ. 1900ರಲ್ಲಿ ಒಂದೇ ಹಾಸಿಗೆಯ ದವಾಖಾನೆ, 1918ರಲ್ಲಿ ಮಹಿಳೆಯರಿಗೆ ವೈದ್ಯಕೀಯ ಶಾಲೆ.

ನನಗೆ ಈ ಕಥೆಯಲ್ಲಿ ಯಾವಾಗಲೂ ಕಾಣುವುದು ಆ ಮೂವರು ಹೆಂಗಸರು. ಅವರನ್ನು ಯಾರೂ ಕೇಳಲಿಲ್ಲ. ಕಟ್ಟಳೆ ಗಂಡಂದಿರದ್ದು, ಸಾವು ಅವರದ್ದು. ಚರ್ಚ್‌ನ ದೊಡ್ಡ ಆಸ್ಪತ್ರೆಯೊಂದು ಹುಟ್ಟಿದ್ದೇ ಇನ್ನೊಬ್ಬರ ಧಾರ್ಮಿಕ ಕಟ್ಟಳೆ ರೋಗಿಯ ಪ್ರಾಣ ತೆಗೆದದ್ದನ್ನು ನೋಡಲಾರದೆ. ಆ ಪರಂಪರೆಯವರು ತಮ್ಮ ಕಟ್ಟಳೆಯ ವಿಷಯ ಬಂದಾಗಲೂ ಹಾಸಿಗೆಯ ಮೇಲಿರುವವರನ್ನು ಮೊದಲು ಕೇಳಲಿ ಎಂಬುದಷ್ಟೇ ನನ್ನ ಆಸೆ.

ಸಂವಿಧಾನದ ಮಾತೂ ಇದೇ ಧಾಟಿಯಲ್ಲಿದೆ. 26ನೆಯ ವಿಧಿ ಧಾರ್ಮಿಕ ಪಂಗಡಗಳಿಗೆ ದತ್ತಿ ಸಂಸ್ಥೆಗಳನ್ನು ಕಟ್ಟುವ, ನಡೆಸುವ ಹಕ್ಕನ್ನು ಕೊಡುತ್ತದೆ. ಅದು ಆರಂಭವಾಗುವುದೇ 'ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ ಮತ್ತು ಆರೋಗ್ಯಕ್ಕೆ ಒಳಪಟ್ಟು' ಎಂಬ ಷರತ್ತಿನಿಂದ. 25ನೆಯ ವಿಧಿಗೂ ಅದೇ ಷರತ್ತು. ಆರೋಗ್ಯ ಎಂಬ ಪದ ಅಲ್ಲಿ ಮೊದಲಿನಿಂದಲೂ ಇದೆ. ಉಡುಪಿಯ ಶಿರೂರು ಮಠದ 1954ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಳೆದ ಗೆರೆಯೂ ನೆನಪಿರಲಿ: ಧರ್ಮದ ಒಳಗಿನ ವಿಷಯಕ್ಕೆ ಸರ್ಕಾರ ಬರುವಂತಿಲ್ಲ, ಆಸ್ತಿಯ ಆಡಳಿತವನ್ನು ಕಾನೂನಿನ ಮೂಲಕ ನಿಯಂತ್ರಿಸಬಹುದು. ಮಠಕ್ಕೆ ಹೇಳಿದ ಮಾತು ಚರ್ಚಿಗೂ ಸಲ್ಲುತ್ತದೆ.

ಪ್ರಶ್ನೆ (ವೈದ್ಯಕೀಯ ವಿದ್ಯಾರ್ಥಿ):

ತುರ್ತು ಸ್ಥಿತಿಯಲ್ಲಿ ಏನು? ಗರ್ಭ ಉಳಿಯುವುದಿಲ್ಲ, ತಾಯಿ ಅಪಾಯದಲ್ಲಿದ್ದಾಳೆ, ಆದರೆ ಭ್ರೂಣದ ಹೃದಯ ಇನ್ನೂ ಬಡಿಯುತ್ತಿದೆ ಎಂದರೆ?

ಉತ್ತರ:

ಈ ಪ್ರಶ್ನೆಯನ್ನು ಕೇಳಿದ ಕೂಡಲೇ ಕನ್ನಡಿಗರಿಗೆ ನೆನಪಾಗಬೇಕಾದ ಹೆಸರು ಸವಿತಾ ಹಾಲಪ್ಪನವರ್. ಬೆಳಗಾವಿಯ ಮಗಳು, ದಂತವೈದ್ಯೆ, 31 ವರ್ಷ. 2012ರ ಅಕ್ಟೋಬರ್‌ನಲ್ಲಿ ಐರ್ಲೆಂಡಿನ ಗಾಲ್ವೆಯಲ್ಲಿ 17 ವಾರಗಳ ಗರ್ಭ ಜಾರುತ್ತಿತ್ತು. ಗರ್ಭಪಾತ ಮಾಡಿ ಎಂದು ಕೇಳಿದರೂ, ಭ್ರೂಣದ ಹೃದಯ ಬಡಿತವಿದೆ ಎಂದು ಕಾದರು. ನಂಜು ರಕ್ತಕ್ಕೇರಿ ಅಕ್ಟೋಬರ್ 28ರಂದು ತೀರಿಕೊಂಡರು. ಇದು ಚರ್ಚ್ ನಡೆಸುತ್ತಿದ್ದ ಆಸ್ಪತ್ರೆಯಲ್ಲ, ಸರ್ಕಾರದ್ದು ಎಂಬುದನ್ನು ನಾವು ಪ್ರಾಮಾಣಿಕವಾಗಿ ಹೇಳಬೇಕು. ಅಲ್ಲಿ ಧಾರ್ಮಿಕ ನಂಬಿಕೆ ದೇಶದ ಸಂವಿಧಾನದೊಳಗೇ, ಭ್ರೂಣಕ್ಕೂ ತಾಯಿಗೂ ಬದುಕುವ ಸಮಾನ ಹಕ್ಕಿದೆ ಎಂದ 1983ರ ಎಂಟನೆಯ ತಿದ್ದುಪಡಿಯಾಗಿ ಕುಳಿತಿತ್ತು. 2018ರ ಮೇ 25ರಂದು ಅಲ್ಲಿನ ಜನ ಶೇಕಡಾ 66.4 ಮತಗಳಿಂದ ಅದನ್ನು ತೆಗೆದುಹಾಕಿದರು. ಸರ್ಕಾರ ಕೈಯಿಟ್ಟರೆ ರೋಗಿ ತಾನಾಗಿ ಸುರಕ್ಷಿತ ಎಂದು ನಂಬುವವರೂ ಇದನ್ನು ನೆನಪಿಡಬೇಕು.

ಇನ್ನೊಂದು ಪ್ರಸಂಗ ಚರ್ಚ್ ಆಸ್ಪತ್ರೆಯದ್ದೇ. 2009ರಲ್ಲಿ ಅಮೆರಿಕದ ಫೀನಿಕ್ಸ್ ನಗರದ ಸೇಂಟ್ ಜೋಸೆಫ್ ಆಸ್ಪತ್ರೆಗೆ 11 ವಾರಗಳ ಗರ್ಭಿಣಿ ಬಂದರು. ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಿ ಹೃದಯ ಸೋಲುತ್ತಿತ್ತು. ಗರ್ಭ ಮುಂದುವರಿದರೆ ತಾಯಿಯೂ ಮಗುವೂ ಉಳಿಯುವುದಿಲ್ಲ ಎಂದು ವೈದ್ಯರು ಹೇಳಿದರು. ಅಲ್ಲಿನ ನೈತಿಕ ಸಮಿತಿಯಲ್ಲಿದ್ದ ಸನ್ಯಾಸಿನಿ ಸಿಸ್ಟರ್ ಮಾರ್ಗರೆಟ್ ಮೆಕ್‌ಬ್ರೈಡ್ ಗರ್ಭಪಾತಕ್ಕೆ ಸಮ್ಮತಿಸಿದರು. ತಾಯಿ ಬದುಕಿದರು. ಬಿಷಪ್ ಸಿಸ್ಟರ್ ಅವರನ್ನು ಧರ್ಮಬಾಹಿರರಾಗಿದ್ದಾರೆ ಎಂದರು, 2010ರ ಡಿಸೆಂಬರ್‌ನಲ್ಲಿ ಆಸ್ಪತ್ರೆಯ ಕ್ಯಾಥೊಲಿಕ್ ಮಾನ್ಯತೆಯನ್ನೇ ಕಿತ್ತುಕೊಂಡರು. ಆಸ್ಪತ್ರೆ ತನ್ನ ನಿರ್ಧಾರವನ್ನು ಬದಲಿಸಲಿಲ್ಲ. ಆ ಸಿಸ್ಟರ್ ಕೂಡ ಮನಸ್ಸಾಕ್ಷಿಗೆ ಅನುಗುಣವಾಗಿಯೇ ನಡೆದವರಲ್ಲವೇ? ಧಾರ್ಮಿಕ ಸ್ವಾತಂತ್ರ್ಯದ ಚರ್ಚೆಯಲ್ಲಿ 'ಮಾಡುವುದಿಲ್ಲ' ಎನ್ನುವವರ ಮನಸ್ಸಾಕ್ಷಿಯಷ್ಟೇ ಲೆಕ್ಕಕ್ಕೆ ಬರುತ್ತದೆ, 'ಮಾಡಲೇಬೇಕು' ಎನ್ನುವವರದ್ದು ಬರುವುದಿಲ್ಲ. ಇದು ನನ್ನನ್ನು ಬಹಳ ಕಾಡುತ್ತದೆ.

ಕಾನೂನಿನ ಉತ್ತರ ಚಿಕ್ಕದು. ಜೀವಕ್ಕೆ ಕುತ್ತು ಬಂದಾಗ ಮೊದಲು ಚಿಕಿತ್ಸೆ. ಭಾರತದಲ್ಲಿ 1989ರ ಪರಮಾನಂದ ಕಟಾರಾ ತೀರ್ಪು, ಅಮೆರಿಕದಲ್ಲಿ 1986ರ ತುರ್ತು ಚಿಕಿತ್ಸಾ ಕಾಯ್ದೆ ಇದನ್ನೇ ಹೇಳುತ್ತವೆ. ನೀವು ಮುಂದೆ ಇಂತಹ ಆಸ್ಪತ್ರೆಯಲ್ಲಿ ಕೆಲಸ ಮಾಡಿದರೆ ಚರ್ಚ್‌ನ ನಿರ್ದೇಶನಗಳನ್ನು ಮೂಲದಲ್ಲೇ ಓದಿ. ಅಮೆರಿಕದ ಬಿಷಪ್ಪರ 47ನೆಯ ನಿರ್ದೇಶನ, ಗರ್ಭಿಣಿಯ ಗಂಭೀರ ಕಾಯಿಲೆಯನ್ನು ಗುಣಪಡಿಸುವುದೇ ನೇರ ಉದ್ದೇಶವಾಗಿದ್ದು ಕಾಯಲು ಸಾಧ್ಯವಿಲ್ಲದಿದ್ದರೆ, ಭ್ರೂಣ ಸಾಯುವುದಾದರೂ ಚಿಕಿತ್ಸೆಗೆ ಅವಕಾಶ ಕೊಡುತ್ತದೆ. ಧರ್ಮವೇ ತೆರೆದಿಟ್ಟ ಬಾಗಿಲನ್ನು ಆಡಳಿತದ ಭಯ ಮುಚ್ಚುವುದನ್ನು ನಾನು ಕಂಡಿದ್ದೇನೆ.

ಪ್ರಶ್ನೆ (ಸದಸ್ಯರು):

ಇಷ್ಟೆಲ್ಲ ಯಾಕೆ? ತೆರಿಗೆ ವಿನಾಯಿತಿ ಬೇಕು, ಅನುದಾನ ಬೇಕು, ನಿಯಮ ಮಾತ್ರ ಬೇಡ ಎಂದರೆ ಹೇಗೆ? ಸರ್ಕಾರವೇ ವಶಪಡಿಸಿಕೊಳ್ಳಲಿ.

ಉತ್ತರ:

ಸಾರ್ವಜನಿಕರ ಹಣ ಪಡೆದವರು ಸಾರ್ವಜನಿಕರಿಗೆ ಹೆಚ್ಚು ಉತ್ತರದಾಯಿಗಳು ಎಂಬುದನ್ನು ಒಪ್ಪುತ್ತೇನೆ. ಸುತ್ತಮುತ್ತ ಬೇರೆ ಆಸ್ಪತ್ರೆಯೇ ಇಲ್ಲದಿದ್ದರೆ ಆ ಹೊಣೆ ಇನ್ನೂ ಹೆಚ್ಚುತ್ತದೆ, ಹಣ ಪಡೆದಿರಲಿ ಬಿಡಲಿ. 'ಬೇಡವಾದರೆ ಬೇರೆ ಕಡೆ ಹೋಗಿ' ಎನ್ನಲು ಬೇರೆ ಕಡೆ ಎಂಬುದೊಂದು ಇರಬೇಕಲ್ಲ.

ವಶಪಡಿಸಿಕೊಳ್ಳುವ ಮಾತನ್ನು ಒಪ್ಪುವುದಿಲ್ಲ. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಇದು ನಡೆದಿದೆ. ಕ್ಯಾಲ್ವರಿ ಎಂಬ ಕ್ಯಾಥೊಲಿಕ್ ಸಂಸ್ಥೆ 1979ರಿಂದ ಅಲ್ಲಿ ಸರ್ಕಾರದ ಹಣದಲ್ಲಿ ಸಾರ್ವಜನಿಕ ಆಸ್ಪತ್ರೆ ನಡೆಸುತ್ತಿತ್ತು. 2023ರ ಮೇ ತಿಂಗಳಲ್ಲಿ ಘೋಷಣೆ, ಅದೇ ತಿಂಗಳ ಕೊನೆಯಲ್ಲಿ ಕಾಯ್ದೆ, ಜುಲೈ 3ರಂದು ಆಸ್ಪತ್ರೆ ಸರ್ಕಾರದ ಕೈಗೆ. ಹೊಸ ಆಸ್ಪತ್ರೆ ಕಟ್ಟಲು ಜಾಗ ಬೇಕು ಎಂಬುದು ಸರ್ಕಾರದ ವಿವರಣೆ. ಆದರೆ ಕೆಲವೇ ವಾರಗಳ ಹಿಂದೆ ಶಾಸನಸಭೆಯ ಸಮಿತಿಯೊಂದು ಗರ್ಭಪಾತದ ವಿಷಯದಲ್ಲಿ ಆ ಆಸ್ಪತ್ರೆಯ ಧಾರ್ಮಿಕ ನಿಲುವನ್ನು ಆಕ್ಷೇಪಿಸಿತ್ತು. ಹೀಗಾಗಿ ಕಾರಣ ಯಾವುದೇ ಇರಲಿ, ಇದು ಧರ್ಮದ ಮೇಲಿನ ದಾಳಿ ಎಂದೇ ಅನೇಕ ಭಕ್ತರು ಭಾವಿಸಿದರು. ಸಂಸ್ಥೆ ನ್ಯಾಯಾಲಯಕ್ಕೆ ಹೋಗಿ ಸೋತಿತು. ಎರಡು ತಿಂಗಳೊಳಗೆ ಮುಗಿಸಿದ ಕೆಲಸ ನಂಬಿಕೆಯನ್ನು ಎಷ್ಟು ವರ್ಷ ಹಿಂದಕ್ಕೆ ತಳ್ಳಿತೋ! ಸೇವೆ ಬೇಕಿದ್ದರೆ ಪಕ್ಕದಲ್ಲೇ ಸರ್ಕಾರ ತನ್ನ ಚಿಕಿತ್ಸಾಲಯ ತೆರೆಯಲಿ. ಅದು ದುಬಾರಿ ಎನ್ನುತ್ತಾರೆ. ಹೌದು, ದುಬಾರಿ. ಆದರೆ ಆ ಖರ್ಚು ಸರ್ಕಾರದ್ದೇ.

ಪ್ರಶ್ನೆ (ಲೆಕ್ಕಪರಿಶೋಧಕರು):

ಬೆಂಕಿ ಸುರಕ್ಷತೆ, ಸಿಬ್ಬಂದಿಯ ವೇತನ, ತ್ಯಾಜ್ಯ ವಿಲೇವಾರಿ, ಇವುಗಳಿಗೂ ಧರ್ಮದ ವಿನಾಯಿತಿ ಕೇಳಬಹುದೇ?

ಉತ್ತರ:

ಇಲ್ಲ. ವೈದ್ಯಕೀಯ ಪ್ರವೇಶಕ್ಕೆ ನೀಟ್ ಪರೀಕ್ಷೆಯಿಂದ ವಿನಾಯಿತಿ ಕೋರಿ ವೆಲ್ಲೂರಿನ ಸಂಸ್ಥೆ ಸಲ್ಲಿಸಿದ್ದ ಅರ್ಜಿಯನ್ನೇ 2020ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಎಲ್ಲರಿಗೂ ಒಂದೇ ತೆರನಾದ ಗುಣಮಟ್ಟದ ನಿಯಮ ಅಲ್ಪಸಂಖ್ಯಾತರ ಹಕ್ಕನ್ನು ಕಸಿಯುವುದಿಲ್ಲ ಎಂದಿತು.

ಪ್ರಶ್ನೆ (ಮೊದಲು ಬರೆದ ಶುಶ್ರೂಷಕಿ):

ಮೇಡಂ, ಕೆಲಸ ಬಿಡಲು ಮನಸ್ಸಿಲ್ಲ. ಜಗಳವೂ ಬೇಡ. ನಾನು ಏನು ಮಾಡಬಹುದು?

ಉತ್ತರ:

ಕೆಲಸ ಬಿಡಬೇಡಿ. ನಿಮ್ಮಂಥವರು ಅಲ್ಲಿ ಇರಬೇಕು. ಗರ್ಭಿಣಿಯರು ಮೊದಲ ಬಾರಿ ಹೆಸರು ನೋಂದಾಯಿಸುವ ದಿನವೇ ಕೊಡಬಹುದಾದ ಒಂದು ಹಾಳೆಯ ಕರಡನ್ನು ಮೇಟ್ರನ್ ಅವರ ಮುಂದಿಡಿ. ನಾನು ಹೀಗೆ ಬರೆಯುತ್ತೇನೆ:

"ನಮ್ಮ ಆಸ್ಪತ್ರೆ ಚರ್ಚ್‌ನ ಬೋಧನೆಗೆ ಅನುಸಾರವಾಗಿ ನಡೆಯುತ್ತದೆ. ಸಂತಾನಹರಣ ಶಸ್ತ್ರಚಿಕಿತ್ಸೆ, ಗರ್ಭನಿರೋಧಕ ವಿಧಾನಗಳು ಮತ್ತು ಗರ್ಭಪಾತ ಸೇವೆ ಇಲ್ಲಿ ಲಭ್ಯವಿಲ್ಲ. ನಿಮಗೆ ಇವು ಬೇಕಿದ್ದರೆ ಈಗಲೇ ತಿಳಿಸಿ. ಬೇರೆ ಆಸ್ಪತ್ರೆಗೆ ಹೋಗಲು ಬೇಕಾದ ದಾಖಲೆಗಳನ್ನು ಅಂದೇ ಕೊಡುತ್ತೇವೆ. ನಿಮ್ಮ ಜೀವಕ್ಕೆ ಅಪಾಯವಾದರೆ ಅಗತ್ಯ ಚಿಕಿತ್ಸೆಯನ್ನು ಇಲ್ಲಿಯೇ, ತಡಮಾಡದೆ ನೀಡುತ್ತೇವೆ."

ಕೊನೆಯ ವಾಕ್ಯಕ್ಕೆ ಆಡಳಿತ ಮಂಡಳಿ ತಕರಾರು ತೆಗೆಯಬಹುದು. ಅದನ್ನು ಬಿಟ್ಟುಕೊಡಬೇಡಿ. ಬೇಕಿದ್ದರೆ ನಾನೇ ಬಂದು ಅವರೊಂದಿಗೆ ಕುಳಿತು ಮಾತನಾಡುತ್ತೇನೆ, ಶುಲ್ಕ ಬೇಡ.

ಶುಶ್ರೂಷಕಿ: ಸೋಮವಾರ ಮೇಟ್ರನ್ ಅವರಿಗೆ ಕೊಡುತ್ತೇನೆ ಮೇಡಂ. ಓದಲು ಬಾರದವರಿಗೆ ನಾನೇ ಓದಿ ಹೇಳುತ್ತೇನೆ.